ಹೆಚ್ಚು ಬಲ್ಲವರು ಮೊದಲು ಬಾಯಿ ಬಿಡಲಿ

ಹೊಸ ಬಟ್ಟೆಯ ಅಂಗಡಿಯಲ್ಲಿ ಮಾರುವವರ ಒಳ್ಳೆಯತನವನ್ನೇ ನೆಚ್ಚಿಕೊಳ್ಳುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಬೆಲೆ ಚೀಟಿಯಲ್ಲಿರುತ್ತದೆ, ಬಿಲ್ ಕೈಗೆ ಬರುತ್ತದೆ, ಬಣ್ಣ ಬಿಟ್ಟರೆ ಜಗಳಕ್ಕೆ ಹೋಗಲು ಅಂಗಡಿ ಅಲ್ಲೇ ಇರುತ್ತದೆ. ಅದೂ ಸಾಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ. ಉಟ್ಟ ಬಟ್ಟೆ ಕೈ ಬದಲಾಯಿಸುವಾಗ ಈ ಆಸರೆಗಳೆಲ್ಲ ಕಳಚಿಬೀಳುತ್ತವೆ. ಬೀರುವಿನ ಒಂದು ಸೀರೆ ಮಾರುವ ಗೃಹಿಣಿ ವ್ಯಾಪಾರಿಯಲ್ಲ. ಹಳೇ ಬಟ್ಟೆಗೆ ಪಾತ್ರೆ ಕೊಡಲು ಬಾಗಿಲಿಗೆ ಬರುವಾಕೆ ರಸೀದಿ ಕೊಡುವುದಿಲ್ಲ. ಬೆಂಗಳೂರಿನ ಸಂಡೆ ಬಜಾರಿನಲ್ಲಿ ನೆಲದ ಮೇಲೆ ಅಂಗಿ ಹರವಿ ಕೂತವನು ಮುಂದಿನ ವಾರ ಅದೇ ಜಾಗದಲ್ಲಿ ಸಿಗುತ್ತಾನೆಂಬ ಖಾತ್ರಿಯಿಲ್ಲ. 1930ರ ಸರಕು ಮಾರಾಟ ಕಾಯ್ದೆ ಕೂಡ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನೋಡಿ ಕೊಳ್ಳುವ ಹೊಣೆಯನ್ನು ಕೊಳ್ಳುವವರ ಮೇಲೆಯೇ ಹಾಕುತ್ತದೆ. ಹಾಗಾಗಿ ಇಲ್ಲಿ ಕಾನೂನು ಮಾಡಬೇಕಾದ ಕೆಲಸವನ್ನು ನಡತೆಯೇ ಮಾಡಬೇಕು.

ಆ ನಡತೆಯ ತಳಹದಿ ಯಾವುದು? ಪ್ರಾಮಾಣಿಕರಾಗಿರಿ ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ನನಗೆ ಸರಿ ಕಾಣುವ ನಿಯಮ ಇದು: ಮಾರುವವರಿರಲಿ, ಕೊಳ್ಳುವವರಿರಲಿ, ಆ ಬಟ್ಟೆಯ ಬಗ್ಗೆ ಯಾರಿಗೆ ಹೆಚ್ಚು ಗೊತ್ತೋ ಅವರು ಎದುರಿನವರು ಕೇಳುವ ಮೊದಲೇ ಹೇಳಬೇಕು.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಸಿದ್ಧ ಪ್ರಬಂಧ ಬರೆದರು. 2001ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಗಾಡಿಯ ಹುಳುಕು ಮಾರುವವನಿಗೆ ಮಾತ್ರ ಗೊತ್ತು. ಕೊಳ್ಳುವವನು ಎಲ್ಲದರಲ್ಲೂ ಹುಳುಕಿರಬಹುದೆಂದು ಅಂಜಿ ಕಡಿಮೆ ಬೆಲೆಗೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಹುಳುಕು ಗಾಡಿಗಳೇ. ಸೀರೆಗೂ ಈ ಮಾತು ಸಲ್ಲುತ್ತದೆ. ಬಹುಕಾಲ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಆ ಗೆರೆಯುದ್ದಕ್ಕೂ ಬಿರಿಯುತ್ತದೆ. ಮಡಿಸಿಟ್ಟ ಸೀರೆಯ ಫೋಟೋದಲ್ಲಿ ಅದು ಕಾಣುವುದಿಲ್ಲ. ಉಟ್ಟು ಕೂತಾಗ ಮೊಣಕಾಲ ಬಳಿ ಚರ್ರೆನ್ನುತ್ತದೆ. ಅದನ್ನು ಮುಚ್ಚಿಟ್ಟು ಮಾರಿದವರು ಒಬ್ಬರಿಗೆ ಮೋಸ ಮಾಡಿ ಸುಮ್ಮನಾಗಲಿಲ್ಲ. ನಾಳೆ ಗಟ್ಟಿ ಸೀರೆ ಮಾರಲು ಬರುವ ಹತ್ತು ಜನರ ಬೆಲೆಯನ್ನೂ ಇಳಿಸಿದರು. ಆದ್ದರಿಂದ ಸೀರೆಯನ್ನು ಪೂರ್ತಿ ಬಿಚ್ಚಿ ಹಗಲು ಬೆಳಕಿನಲ್ಲಿ ತೋರಿಸುವುದು, ಬೆವರಿನ ಕಲೆ, ರಫು ಮಾಡಿಸಿದ ಜಾಗ, ಬ್ಲೌಸ್ ಪೀಸ್ ಕತ್ತರಿಸಿದ್ದರೆ ಅದು, ಎಲ್ಲವನ್ನೂ ಬೆಲೆಗಿಂತ ಮೊದಲು ಹೇಳುವುದು ಮಾರುವವರ ಕರ್ತವ್ಯ.

ಇಷ್ಟನ್ನು ಹೆಚ್ಚಿನವರು ಒಪ್ಪುತ್ತಾರೆ. ಆದರೆ ಹಳೇ ಬಟ್ಟೆಯ ಲೋಕದಲ್ಲಿ ಕೊಳ್ಳುವವರೇ ಹೆಚ್ಚು ಬಲ್ಲವರಾಗಿರುವ ವ್ಯಾಪಾರವೂ ಉಂಟು, ಅಲ್ಲಿ ನಾವು ಏಕೋ ಈ ನಿಯಮವನ್ನು ಮರೆಯುತ್ತೇವೆ. ಹಳೆಯ ರೇಷ್ಮೆ ಸೀರೆ ಕೊಳ್ಳಲು ಬರುವವರನ್ನು ನೋಡಿ. ಅವರ ಕಣ್ಣು ಒಡಲ ಮೇಲಿರುವುದಿಲ್ಲ, ಅಂಚು ಮತ್ತು ಸೆರಗಿನ ಮೇಲಿರುತ್ತದೆ. ಜರಿಯ ಎಳೆಯೊಂದನ್ನು ಉಗುರಿನಿಂದ ಕೆರೆದು ನೋಡುತ್ತಾರೆ. ಒಳಗೆ ಕೆಂಪು ರೇಷ್ಮೆ ನೂಲು ಕಂಡರೆ ಅಸಲಿ ಜರಿಯೆಂದು ಅವರಿಗೆ ಗೊತ್ತು: ರೇಷ್ಮೆಯ ಮೇಲೆ ಬೆಳ್ಳಿಯ ತಂತಿ, ಅದರ ಮೇಲೆ ಚಿನ್ನದ ಲೇಪ. ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇರುತ್ತದೆಂದು ಆ ಸೀರೆಗಳನ್ನು ತಯಾರಿಸುವ ಸರ್ಕಾರಿ ಸಂಸ್ಥೆ ಕೆಎಸ್‌ಐಸಿಯೇ ಹೇಳಿಕೊಳ್ಳುತ್ತದೆ. ಸೀರೆ ಹರಿದಿದ್ದರೂ ಅಂಚನ್ನು ಸುಟ್ಟರೆ ಬೆಳ್ಳಿ ಸಿಗುತ್ತದೆ. ಇಷ್ಟೆಲ್ಲ ತಿಳಿದೂ "ನೂಲು ಸತ್ತುಹೋಗಿದೆ ಅಮ್ಮಾ, ಇದಕ್ಕೇನೂ ಬರಲ್ಲ" ಎಂದರೆ ಅದು ಚೌಕಾಸಿಯಲ್ಲ, ಮೋಸ. ನೂಲು ಸತ್ತಿರುವುದು ನಿಜವೇ ಇರಬಹುದು. ಆದರೆ ಅವರು ಕೊಳ್ಳುತ್ತಿರುವುದು ನೂಲನ್ನಲ್ಲ.

ಇದಕ್ಕೊಂದು ಆಕ್ಷೇಪವಿದೆ, ಗಂಭೀರವಾದದ್ದೇ. ಜರಿ ಗುರುತಿಸುವ ವಿದ್ಯೆ ಆ ವ್ಯಾಪಾರಿಯ ಬಂಡವಾಳ. ಬಿಸಿಲಲ್ಲಿ ಬೀದಿ ಅಲೆದು ಕಲಿತದ್ದು. ಅದನ್ನು ಬಿಟ್ಟಿಯಾಗಿ ಬಿಟ್ಟುಕೊಟ್ಟರೆ ಹೊಟ್ಟೆ ತುಂಬುವುದು ಹೇಗೆ? ಎಲ್ಲವನ್ನೂ ಬಿಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಯಾರಿಗೆ ಮಾರುತ್ತೇನೆ, ಎಷ್ಟು ಲಾಭ ಉಳಿಯುತ್ತದೆ ಎಂಬುದು ವ್ಯಾಪಾರಿಯ ಗುಟ್ಟು, ಕಾಪಾಡಿಕೊಳ್ಳಲಿ. ಆದರೆ ಎದುರಿಗಿರುವ ವಸ್ತು ಏನು ಎಂಬುದು ಗುಟ್ಟಾಗಲಾರದು. "ಜರಿಗಾಗಿ ತಗೊಳ್ತೀನಿ, ಇಷ್ಟು ಕೊಡ್ತೀನಿ" ಎಂದು ಹೇಳಿಯೂ ಲಾಭ ಮಾಡಬಹುದು.

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರ ವ್ಯಾಪಾರದಲ್ಲಿ ತಿಳಿವಳಿಕೆ ಎರಡೂ ಕಡೆ ಹಂಚಿಹೋಗಿದೆ. ಬಟ್ಟೆಯ ಒಳ ಹರಕು ಮನೆಯವರಿಗೆ ಗೊತ್ತು. ಅದು ಮುಂದೆ ಎಷ್ಟಕ್ಕೆ ಹೋಗುತ್ತದೆ ಎಂಬುದು ಆಕೆಗೆ ಗೊತ್ತು. ಆಕೆ ಪ್ಯಾಂಟನ್ನು ಬೆಳಕಿಗೆ ಹಿಡಿದು ಕಾಲುಗಳ ಸಂದಿನ ಹೊಲಿಗೆ ಜಗ್ಗುತ್ತಾಳೆ, ಜಿಪ್ ಎಳೆದು ನೋಡುತ್ತಾಳೆ, ಕಾಲರ್ ಮಗುಚುತ್ತಾಳೆ. ನಾವು ಅದನ್ನು ಅನುಮಾನವೆಂದು ತಿಳಿದು ಸಿಡುಕುತ್ತೇವೆ. ಹರಿದದ್ದನ್ನು ಗಂಟಿನ ನಡುವೆ ತುರುಕಿ ಕೊಟ್ಟ ಮನೆಗಳೇ ಆಕೆಗೆ ಆ ಪರೀಕ್ಷೆ ಕಲಿಸಿರುವುದು. ಹರಿದದ್ದನ್ನು ನಾವೇ ಬೇರೆ ತೆಗೆದಿಟ್ಟರೆ ಅವಳ ಸಮಯ ಉಳಿಯುತ್ತದೆ, ನಮ್ಮ ಮರ್ಯಾದೆಯೂ ಉಳಿಯುತ್ತದೆ. ಡಬರಿಗೆ ನಾಲ್ಕು ಪ್ಯಾಂಟು ಎಂದು ಒಪ್ಪಿದ ಮೇಲೆ ಜೊತೆಗೊಂದು ಲೋಟಕ್ಕೆ ಪಟ್ಟು ಹಿಡಿಯುವುದೂ ತರವಲ್ಲ. ನಮಗೆ ಬೇಡವಾದ ಬಟ್ಟೆ ಅದು; ಅವಳಿಗೆ ಅಂದಿನ ದುಡಿಮೆ.

ಚೌಕಾಸಿ ತಪ್ಪಲ್ಲ. ಚೀಟಿಯಿಲ್ಲದ ವಸ್ತುವಿನ ಬೆಲೆ ಇಬ್ಬರ ಮಾತಿನಲ್ಲೇ ಹುಟ್ಟಬೇಕು. ಆದರೆ ಬೆಲೆ ಇಳಿಸಲೆಂದು ವಸ್ತುವನ್ನು ಹೀಗಳೆಯುವುದು, ಕೊಳ್ಳುವ ಮನಸ್ಸಿಲ್ಲದೆ ಗುಡ್ಡೆಯನ್ನೆಲ್ಲ ಕೆದಕಿಸುವುದು, ಫೋನಿನಲ್ಲಿ "ನನಗೇ ಇಟ್ಟಿರಿ" ಎಂದು ಹೇಳಿ ಸದ್ದಿಲ್ಲದಾಗುವುದು, ಇವು ಚೌಕಾಸಿಯಲ್ಲ. ಮಾರುವವಳು ಬೇರೆ ಗಿರಾಕಿಯನ್ನು ವಾಪಸ್ ಕಳಿಸಿ ಸೀರೆಯನ್ನು ನಿಮಗಾಗಿ ಎತ್ತಿಟ್ಟಿರುತ್ತಾಳೆ. ಬೇಡವೆಂದರೆ ಬೇಡ ಅನ್ನಿ. ನಿಮ್ಮ ಮನಸ್ಸು ನಿಮಗೆ ಮಾತ್ರ ಗೊತ್ತಿರುವಾಗ ಹೇಳಬೇಕಾದವರೂ ನೀವೇ.

ಹೇಳುವ ಕರ್ತವ್ಯಕ್ಕೆ ಒಂದು ಎಲ್ಲೆಯೂ ಇದೆ. ಬಟ್ಟೆಯ ಬಗ್ಗೆ ಏನು ಬೇಕಾದರೂ ಕೇಳಬಹುದು: ಕಲೆ, ಅಳತೆ, ಎಷ್ಟು ಸಲ ಒಗೆದದ್ದು. ಉಟ್ಟವರ ಬಗ್ಗೆ ಕೇಳುವಂತಿಲ್ಲ. "ಯಾರ ಮನೆಯದ್ದು, ಯಾವ ಜನ?" ಎಂಬ ಪ್ರಶ್ನೆ ನಮ್ಮಲ್ಲಿ ಸ್ವಚ್ಛತೆಯ ಸೋಗಿನಲ್ಲಿ ಬರುತ್ತದೆ. ಕೊಳೆ ಒಗೆದರೆ ಹೋಗುತ್ತದೆ. ಈ ಪ್ರಶ್ನೆ ಹುಡುಕುವುದು ಕೊಳೆಯನ್ನಲ್ಲ, ಜಾತಿಯನ್ನು. ಏಕೆ ಮಾರುತ್ತಿದ್ದೀರಿ ಎಂದು ಕೆದಕುವುದೂ ಹಾಗೆಯೇ. ಸಾಲವಿರಬಹುದು, ಸಾವಿರಬಹುದು, ಮುರಿದ ಮದುವೆಯಿರಬಹುದು. ಅದು ಬೆಲೆಯೊಳಗೆ ಸೇರುವ ಸಂಗತಿಯಲ್ಲ.

ಉಟ್ಟ ಬಟ್ಟೆಯನ್ನು ಕೊಳ್ಳುವುದು ಇನ್ನೂ ಹಲವರಿಗೆ ಸಂಕೋಚದ ಸಂಗತಿ. ಆ ಸಂಕೋಚದ ಒಂದು ಭಾಗ ಮೋಸಹೋಗುವ ಭಯ, ಇನ್ನೊಂದು ಭಾಗ ಅವಮಾನದ ಭಯ. ಬಲ್ಲವರು ಮೊದಲು ಹೇಳಿದರೆ ಮೊದಲನೆಯದು ಹೋಗುತ್ತದೆ, ಕೇಳಬಾರದ್ದನ್ನು ಕೇಳದಿದ್ದರೆ ಎರಡನೆಯದು. ಇದಕ್ಕೆ ಹೊಸ ಕಾಯ್ದೆ ಬರಲೆಂದು ಕಾಯಬೇಕಿಲ್ಲ. ಮುಂದಿನ ಸಲ ಬೀರು ಖಾಲಿ ಮಾಡುವಾಗ, ಮುಂದಿನ ಸಲ ಗುಡ್ಡೆಯಿಂದ ಅಂಗಿ ಆರಿಸುವಾಗ ನಾವೇ ಶುರು ಮಾಡಬಹುದು.