ಸೇತುವೆ ಒಂದಾಯಿತು, ತರಗತಿ ಒಂದಾಗಲಿಲ್ಲ

ಕಳೆದ ಏಪ್ರಿಲ್ ರಜೆಯಲ್ಲಿ ದುಬೈಯಲ್ಲಿರುವ ಮಾಮು ತಮ್ಮ ಕುಟುಂಬದ ಜೊತೆ ನನ್ನನ್ನೂ ಬೋಸ್ನಿಯಾಕ್ಕೆ ಕರೆದುಕೊಂಡು ಹೋಗಿದ್ದರು. ಸರಾಯೆವೊದಿಂದ ನೆರೆಟ್ವಾ ನದಿಯ ಪಕ್ಕದ ರಸ್ತೆಯಲ್ಲಿ ಮೊಸ್ತಾರ್ ಎಂಬ ಊರಿಗೆ ಹೋದೆವು. ವಾಪಸ್ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ: ‘ಆ ಸೇತುವೆ ನೋಡಿದೆಯಾ?’ ನೋಡಿದೆ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅಲ್ಲಿನ ಒಂದು ಶಾಲೆ.

ಮೊದಲು ಸೇತುವೆಯ ಬಗ್ಗೆ ಹೇಳುತ್ತೇನೆ. ಒಟ್ಟೋಮನ್ ಕಾಲದಲ್ಲಿ ಮಿಮಾರ್ ಹೈರುದ್ದೀನ್ ಎಂಬ ವಾಸ್ತುಶಿಲ್ಪಿ 1566ರಲ್ಲಿ ಕಟ್ಟಿ ಮುಗಿಸಿದ ಒಂದೇ ಕಮಾನಿನ ಕಲ್ಲಿನ ಸೇತುವೆ ಅದು. ಸೇತುವೆ ಕಾಯುವವರಿಂದಲೇ ಊರಿಗೆ ಆ ಹೆಸರು ಬಂದಿದೆ. 427 ವರ್ಷ ನಿಂತಿದ್ದ ಅದನ್ನು 1993ರ ನವೆಂಬರ್ 9ರಂದು ಕ್ರೊಯೇಟ್ ಪಡೆಗಳು ಶೆಲ್ ಹೊಡೆದು ಕೆಡವಿದವು. ಹಳೆಯ ರೀತಿಯಲ್ಲೇ ಕಲ್ಲು ಕೆತ್ತಿ ಮತ್ತೆ ಕಟ್ಟಿ, 2004ರ ಜುಲೈಯಲ್ಲಿ ತೆರೆದರು. ಮರುವರ್ಷ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಮ್ಮ ಮನೆಯಲ್ಲಿ ಬೋಸ್ನಿಯಾ ಎಂದರೆ ‘ನಮ್ಮವರ ಮೇಲೆ ಆದ ಜುಲ್ಮ್’ ಎಂದೇ ಕೇಳಿ ಬೆಳೆದವರು ನಾವು. ಅದು ಸುಳ್ಳಲ್ಲ. ಆದರೆ ಅದಷ್ಟೇ ಪೂರ್ತಿ ಲೆಕ್ಕವೂ ಅಲ್ಲ. 1992ರಲ್ಲಿ ಮುಸ್ಲಿಂ ಬೋಸ್ನಿಯಾಕರೂ ಕ್ಯಾಥೊಲಿಕ್ ಕ್ರೊಯೇಟರೂ ಜೊತೆಯಾಗಿ ನಿಂತು ಯುಗೊಸ್ಲಾವ್ ಸೇನೆಯಿಂದ ಊರನ್ನು ಕಾಪಾಡಿಕೊಂಡರು. ಮರುವರ್ಷ ಅವರೇ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದರು. ಆ ಯುದ್ಧದಲ್ಲಿ ಮಸೀದಿಗಳಷ್ಟೇ ಅಲ್ಲ, ಫ್ರಾನ್ಸಿಸ್ಕನ್ನರ ಚರ್ಚೂ ಸರ್ಬರ ಆರ್ಥೊಡಾಕ್ಸ್ ಕ್ಯಾಥೆಡ್ರಲ್ಲೂ ನೆಲಕ್ಕುರುಳಿದವು. ಡೆಬಿಟ್ ಮಾತ್ರ ಬರೆದು ಕ್ರೆಡಿಟ್ ಬಿಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ ಎಂದು ನಮಗೆ ಮೊದಲ ಪಿಯುಸಿಯಲ್ಲೇ ಕಲಿಸುತ್ತಾರೆ.

ಹಳೆ ಪೇಟೆಯಲ್ಲಿ ಅಂಗಡಿಗೆ ‘ದುಚಾನ್’ ಎನ್ನುತ್ತಾರೆ, ಬಡಾವಣೆಗೆ ‘ಮಹಾಲಾ’. ನಮ್ಮ ದುಕಾನ್, ಮೊಹಲ್ಲಾಗಳೇ! ಅಲ್ಲಿನ ದುಡ್ಡು ಇನ್ನೂ ವಿಚಿತ್ರ. ಹತ್ತು ಮಾರ್ಕಿನ ನೋಟು ಎರಡು ಬಗೆಯಲ್ಲಿದೆ. ಒಂದರ ಮೇಲೆ ಕವಿ ಮಾಕ್ ದಿಜ್ದಾರ್, ಇನ್ನೊಂದರ ಮೇಲೆ ಮೊಸ್ತಾರಿನವರೇ ಆದ ಸರ್ಬ್ ಕವಿ ಅಲೆಕ್ಸಾ ಶಾಂತಿಚ್. ದೇಶದ ಎರಡು ಭಾಗಗಳಿಗಾಗಿ ಎರಡು ಚಿತ್ರ, ಬೆಲೆ ಮಾತ್ರ ಒಂದೇ. ಎರಡೂ ಎಲ್ಲ ಕಡೆ ನಡೆಯುತ್ತವೆ.

ನೋಟಿಗೆ ಸಾಧ್ಯವಾದದ್ದು ಮಕ್ಕಳಿಗೆ ಸಾಧ್ಯವಾಗಿಲ್ಲ. ಯುದ್ಧದ ಕಾಲದಲ್ಲಿ ಗಡಿಯಾಗಿದ್ದ ರಸ್ತೆಯಲ್ಲಿ ಈಗಲೂ ಗುಂಡಿನ ತೂತುಗಳಿರುವ ಗೋಡೆಗಳಿವೆ. ಅಲ್ಲೇ ಮೊಸ್ತಾರ್ ಜಿಮ್ನಾಸಿಯಂ ಎಂಬ ಹಳೆಯ ಹೈಸ್ಕೂಲು ಇದೆ. 2004ರಲ್ಲಿ ಅದರ ಆಡಳಿತ ಒಂದಾಯಿತು, ಪಾಠ ಒಂದಾಗಲಿಲ್ಲ. ಒಂದೇ ಸೂರಿನ ಕೆಳಗೆ ಬೋಸ್ನಿಯಾಕ್ ಮಕ್ಕಳಿಗೆ ಒಂದು ಸಿಲಬಸ್, ಕ್ರೊಯೇಟ್ ಮಕ್ಕಳಿಗೆ ಇನ್ನೊಂದು. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತದೆ, ಆದರೂ ತರಗತಿ ಬೇರೆ. ದೊಡ್ಡವರ ಜಗಳದಿಂದ 2008ರ ನಂತರ 2020ರವರೆಗೆ ಆ ಊರಿನಲ್ಲಿ ನಗರಸಭೆ ಚುನಾವಣೆಯೇ ನಡೆಯಲಿಲ್ಲ.

ಅದೇ ದೇಶದ ಯಾಯ್ತ್ಸೆ ಎಂಬ ಊರಿನಲ್ಲಿ ನಮ್ಮ ವಯಸ್ಸಿನ ವಿದ್ಯಾರ್ಥಿಗಳು ಬೇರೆ ದಾರಿ ಹಿಡಿದರು. ಬೋಸ್ನಿಯಾಕರಿಗೆಂದು ಪ್ರತ್ಯೇಕ ಶಾಲೆ ತೆರೆಯಲು ಹೊರಟಾಗ ಎರಡೂ ಕಡೆಯ ಮಕ್ಕಳು ಬೀದಿಗಿಳಿದು ಬೇಡ ಎಂದರು. ಆ ಯೋಜನೆ 2017ರಲ್ಲಿ ನಿಂತಿತು.

ನಮ್ಮಲ್ಲಿ ಯುದ್ಧವಾಗಿಲ್ಲ, ಯಾರೂ ನಮ್ಮನ್ನು ಬೇರೆ ಮಾಡಿಲ್ಲ. ಎರಡನೇ ಭಾಷೆಯ ಪೀರಿಯಡ್‌ಗೆ ಉರ್ದುವಿನವರು ಒಂದು ಕೋಣೆಗೆ, ಕನ್ನಡದವರು ಇನ್ನೊಂದು ಕೋಣೆಗೆ ಹೋಗುವುದು ಅನಿವಾರ್ಯ. ಆದರೆ ಊಟಕ್ಕೂ ಅದೇ ಗುಂಪು ಯಾಕೆ? ಬಂದ ಮೇಲೆ ಎಣಿಸಿ ನೋಡಿದೆ. ಒಂದು ವರ್ಷ ಒಂದೇ ಅಕೌಂಟೆನ್ಸಿ ಕ್ಲಾಸಿನಲ್ಲಿ ಕೂತಿದ್ದರೂ ಕನ್ನಡ ವಿಭಾಗದವರಲ್ಲಿ ನನಗೆ ಹೆಸರು ಗೊತ್ತಿದ್ದದ್ದು ನಾಲ್ಕೇ ಜನರದ್ದು. ಇದರಲ್ಲಿ ತಪ್ಪು ಬೇರೆಯವರದ್ದಲ್ಲ, ನನ್ನದೇ.

ಅದಕ್ಕೆ ನನ್ನದೊಂದು ಸಲಹೆ. ಈ ವರ್ಷ ಕಾಮರ್ಸ್ ಫೆಸ್ಟ್‌ನ ಸ್ಟಾಲ್ ತಂಡಗಳನ್ನು ಚೀಟಿ ಎತ್ತಿ ಮಾಡೋಣ. ಯಾರಿಗೆ ಯಾರು ಸಿಕ್ಕರೂ ಲಾಭ-ನಷ್ಟ ಇಬ್ಬರದ್ದೂ ಆಗಲಿ. ಉಪನ್ಯಾಸಕರು ಒಪ್ಪಿದರೆ ಚೀಟಿ ಬರೆಯುವ ಕೆಲಸ ನನಗಿರಲಿ. ಇದನ್ನು ಉರ್ದು ಪುಟಕ್ಕೆ ಬರೆದಿದ್ದರೆ ನನಗೆ ಸುಲಭವಾಗುತ್ತಿತ್ತು. ಆದರೆ ಅದನ್ನು ಓದುತ್ತಿದ್ದವರು ನನ್ನ ಜೊತೆ ಊಟಕ್ಕೆ ಕೂರುವವರೇ.