20 ಮೀಟರ್ ತಂತಿಗೆ ಯಾಕಿಷ್ಟು ಭಯ?

ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಆ ಪ್ರಶ್ನೆಗಳು ಬಾಯಿಪಾಠ ಆಗಿರುತ್ತವೆ. ಯಾವ ಊರು, ಮದುವೆ ಆಗಿದೆಯಾ, ನಾನ್‌ವೆಜ್ ಮಾಡ್ತೀರಾ, ಕೊನೆಗೆ ಸುತ್ತಿ ಬಳಸಿ 'ನೀವು ಯಾವ ಪೈಕಿ?' ಇವೆಲ್ಲ ಮುಗಿದ ಮೇಲೆ ನಾನು ಕೇಳುವ ಒಂದು ಪ್ರಶ್ನೆ ಬಾಕಿ ಇರುತ್ತದೆ: 'ಸಾರ್, ಟೆರೇಸ್ ಮೇಲೆ ಒಂದು ತಂತಿ ಕಟ್ಟಬಹುದಾ?'

ಹಿಂದಿನ ಮನೆಯ ಓನರ್ ಮೊದಲು ಹೂಂ ಅಂದಿದ್ದರು. ಎರಡು ವಾರಕ್ಕೆ ಫೋನ್ ಬಂತು. 'ಪಕ್ಕದ ಮನೆಯವರು ಕಂಪ್ಲೇಂಟ್ ಮಾಡ್ತಿದಾರೆ. ನೀವು ಪತ್ರಕರ್ತರು ಬೇರೆ. ಟೆರೇಸಿಂದ ಎಲ್ಲಿಗೋ ಏನೋ ಸಿಗ್ನಲ್ ಕಳಿಸ್ತೀರಂತೆ.' ಲೈಸೆನ್ಸ್ ತೋರಿಸಿದೆ. ಅದರ ಮೇಲೆ ಕೇಂದ್ರ ಸರ್ಕಾರದ ಹೆಸರಿತ್ತು, ನನ್ನ ಕರೆ ಸಂಕೇತವಿತ್ತು. ಪ್ರಯೋಜನ ಆಗಲಿಲ್ಲ. ತಂತಿ ಇಳಿಯಿತು. ತಮಾಷೆ ಏನೆಂದರೆ, ಅದೇ ರಸ್ತೆಯ ಮೂರನೇ ಕಟ್ಟಡದ ಮೇಲೆ ಮೊಬೈಲ್ ಟವರ್ ಇತ್ತು. ಹಗಲೂ ರಾತ್ರಿ ಸಿಗ್ನಲ್ ಕಳಿಸುವುದೇ ಅದರ ಕೆಲಸ. ಅದರ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಅದು ಕಂಪನಿಯದ್ದು, ತಿಂಗಳಿಗೆ ಬಾಡಿಗೆ ಕೊಡುತ್ತದೆ.

ಇದನ್ನು ಒಬ್ಬ ಹವ್ಯಾಸಿಯ ಗೊಣಗಾಟ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಕಂಪನಿ ಅಥವಾ ಸರ್ಕಾರ ಮಾತ್ರ ಆಕಾಶ ಬಳಸಬಹುದು, ಸಾಮಾನ್ಯ ಮನುಷ್ಯ ಬಳಸಿದರೆ ಅನುಮಾನ ಎಂಬ ಈ ಮನಸ್ಥಿತಿಗೆ ನಾವು ಪ್ರತೀ ಮಳೆಗಾಲ ಬೆಲೆ ತೆರುತ್ತಿದ್ದೇವೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ತಂತಿ ಏನು ಮಾಡುತ್ತೆ?

ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ ಅಂದ ಕೂಡಲೇ ದೊಡ್ಡ ಟವರ್, ಲಕ್ಷಾಂತರ ರೂಪಾಯಿಯ ಉಪಕರಣ ಕಣ್ಣಮುಂದೆ ಬರುತ್ತದೆ. ಅಷ್ಟೆಲ್ಲ ಬೇಕಿಲ್ಲ. ಅತ್ಯಂತ ಸರಳವಾದ ಆಂಟೆನಾದ ಹೆಸರು ಡೈಪೋಲ್. ಮನೆಗೆ ವೈರಿಂಗ್ ಮಾಡುವ ತಾಮ್ರದ ತಂತಿಯ ಎರಡು ತುಂಡು, ನಡುವೆ ಒಂದು ಕೇಬಲ್, ಎರಡು ತುದಿಗೆ ಪಿವಿಸಿ ಪೈಪಿನ ಚೂರು ಮತ್ತು ನೈಲಾನ್ ಹಗ್ಗ. ಮುಗಿಯಿತು.

ಉದ್ದದ ಲೆಕ್ಕ ಇನ್ನೂ ಸುಲಭ. 143 ಅನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದ ಸಂಖ್ಯೆಯಿಂದ ಭಾಗಿಸಿದರೆ ತಂತಿಯ ಒಟ್ಟು ಉದ್ದ ಮೀಟರ್‌ನಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್, ಪ್ರತಿ ಬದಿಗೆ 10. ಸ್ವಲ್ಪ ಉದ್ದ ಬಿಟ್ಟು ಕಟ್ಟಿ, ಅಳತೆ ನೋಡಿ, ಕತ್ತರಿಸುತ್ತಾ ಬರಬೇಕು. ಎರಡು ಕಂಬ ಸಿಗದಿದ್ದರೆ ನಡುವೆ ಒಂದೇ ಕಂಬ ನಿಲ್ಲಿಸಿ ಎರಡೂ ತುದಿಯನ್ನು ಇಳಿಜಾರಾಗಿ ಕೆಳಗೆ ಎಳೆದರೂ ನಡೆಯುತ್ತದೆ. ಮಲೆನಾಡಲ್ಲಾದರೆ ಅಡಿಕೆ ಮರಗಳೇ ಕಂಬ. ಎರಡು ಎಚ್ಚರಿಕೆ ಮಾತ್ರ ಮರೆಯುವಂತಿಲ್ಲ: ಕರೆಂಟ್ ಲೈನಿನ ಹತ್ತಿರ ಎಂದೂ ಕಟ್ಟಬಾರದು, ಗುಡುಗು ಶುರುವಾಗುವ ಮೊದಲೇ ಕೇಬಲನ್ನು ರೇಡಿಯೋದಿಂದ ಬಿಡಿಸಿರಬೇಕು.

ನಾನು ಎಂಜಿನಿಯರಿಂಗ್ ಓದುವಾಗ ಆಂಟೆನಾ ಥಿಯರಿ ಅಂತ ಒಂದು ಪೇಪರ್ ಇತ್ತು. ಸಮೀಕರಣಗಳನ್ನು ಉರು ಹೊಡೆದು ಪಾಸಾದೆ. ಒಂದು ತಂತಿಯನ್ನೂ ಕಟ್ಟಿರಲಿಲ್ಲ. ಆಂಟೆನಾ ಅರ್ಥವಾಗಿದ್ದು ಹಾಸ್ಟೆಲ್ ಟೆರೇಸ್ ಮೇಲೆ, ಸೀನಿಯರ್ ಒಬ್ಬ ಏಣಿ ಹಿಡಿದುಕೊಂಡು 'ಸ್ವಲ್ಪ ಬಿಗಿ ಎಳಿ ಗುರು' ಅಂದಾಗ.

ಇಲ್ಲೊಂದು ವಿಚಿತ್ರ ಇದೆ. ಸಾಮಾನ್ಯವಾಗಿ ಆಂಟೆನಾ ಎಷ್ಟು ಎತ್ತರ ಇದ್ದರೆ ಅಷ್ಟು ಒಳ್ಳೆಯದು ಅಂತಾರೆ. ವಿದೇಶಕ್ಕೆ ಮಾತಾಡಬೇಕಾದರೆ ಅದು ನಿಜ. ಆದರೆ ಇದೇ 20 ಮೀಟರ್ ತಂತಿಯನ್ನು ನೆಲದಿಂದ ಐದಾರು ಮೀಟರ್ ಎತ್ತರದಲ್ಲಿ ಕಟ್ಟಿದರೆ ಅದು ಶಕ್ತಿಯ ಬಹುಪಾಲನ್ನು ನೆಟ್ಟಗೆ ಮೇಲಕ್ಕೆ ಕಳಿಸುತ್ತದೆ. ನೂರಾರು ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳಕ್ಕೆ ಬಡಿದು ಅದು ಕೊಡೆಯಂತೆ ಹರಡಿಕೊಂಡು ಕೆಳಗಿಳಿಯುತ್ತದೆ. ಸುತ್ತಲ ಮುನ್ನೂರು ಕಿಲೋಮೀಟರ್ ಪ್ರದೇಶಕ್ಕೆ ಮಾತು ತಲುಪುತ್ತದೆ. ನಡುವೆ ಎಂಥಾ ಬೆಟ್ಟ ಇದ್ದರೂ ಅಡ್ಡಿಯಿಲ್ಲ, ಏಕೆಂದರೆ ತರಂಗ ಬೆಟ್ಟವನ್ನು ದಾಟುತ್ತಿಲ್ಲ, ಮೇಲಿನಿಂದ ಬರುತ್ತಿದೆ. ರಾತ್ರಿ ಅಯಾನುಗೋಳ ದುರ್ಬಲವಾದಾಗ 7 ಮೆಗಾಹರ್ಟ್ಸ್ ಕೈಕೊಡಬಹುದು. ಆಗ 3.5 ಮೆಗಾಹರ್ಟ್ಸ್ ಆಸುಪಾಸಿಗೆ ಇಳಿಯಬೇಕು. ತಂತಿಯ ಉದ್ದ ಎರಡರಷ್ಟು, ಅಷ್ಟೇ.

ಪೊಲೀಸರ ವಾಕಿಟಾಕಿ ಕಣಿವೆಯಲ್ಲಿ ಸುಮ್ಮನಾಗುತ್ತದೆ. ಮೊಬೈಲಿಗೆ ಟವರ್ ಬೇಕು, ಟವರಿಗೆ ಕರೆಂಟ್ ಬೇಕು, ಡೀಸೆಲ್ ಬೇಕು, ಫೈಬರ್ ಬೇಕು. ತಂತಿಯ ಈ ವ್ಯವಸ್ಥೆಗೆ ನಡುವೆ ಯಾರೂ ಬೇಡ. ಈ ತುದಿಯಲ್ಲಿ ಒಂದು ಕಾರ್ ಬ್ಯಾಟರಿ, ಆ ತುದಿಯಲ್ಲಿ ಒಂದು ಕಾರ್ ಬ್ಯಾಟರಿ.

ಗುಡ್ಡ ಕುಸಿದ ದಿನ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ನನ್ನ ಕ್ಲಾಸ್‌ಮೇಟ್ ಒಬ್ಬ ಬೆಂಗಳೂರಿನ ನನ್ನ ರೂಮಲ್ಲಿ ಕೂತು ಅಮ್ಮನ ನಂಬರಿಗೆ ಫೋನ್ ಒತ್ತುತ್ತಲೇ ಇದ್ದ. ಎರಡು ದಿನ 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಎಂಬ ಅದೇ ದನಿ. ಮೂರನೇ ದಿನ ಪರಿಹಾರ ಕೇಂದ್ರವೊಂದರಿಂದ ಅವಳೇ ಯಾರದ್ದೋ ಫೋನಲ್ಲಿ ಮಾತಾಡಿದಳು. ಅವಳು ಬದುಕಿದ್ದಳು. ಮೂಲೆಯಲ್ಲಿ ನನ್ನ ರೇಡಿಯೋ ಇತ್ತು. ಮಡಿಕೇರಿ ಬೆಂಗಳೂರಿಂದ ರಸ್ತೆಯಲ್ಲಿ ಸುಮಾರು 250 ಕಿಲೋಮೀಟರ್. ನಾನು ಈಗಷ್ಟೇ ವಿವರಿಸಿದ ಕೊಡೆಯೊಳಗೇ ಬರುವ ಜಾಗ. ಆದರೆ ಆ ತುದಿಯಲ್ಲಿ, ಅವರ ಊರಿನ ಹತ್ತಿರ ಉತ್ತರ ಕೊಡುವವರು ಯಾರೂ ಇರಲಿಲ್ಲ. ರೇಡಿಯೋಗೆ ಒಂದು ತುದಿ ಇದ್ದರೆ ಸಾಲದು. ಆ ಎರಡು ದಿನದ ಅಸಹಾಯಕತೆ ನನಗೆ ಕಲಿಸಿದ್ದು ಇದು.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ಪರಿಸ್ಥಿತಿ ಸ್ವಲ್ಪ ಬೇರೆ ಇತ್ತು. ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹ್ಯಾಮ್‌ಗಳು ತಮ್ಮ ಕೇಂದ್ರ ತೆರೆದು, ದುರಂತದ ಸ್ಥಳದಿಂದ ಮಾಹಿತಿ ರವಾನಿಸಿದರು. ಅವರು ಅಲ್ಲಿ ಮೊದಲೇ ಇದ್ದರು, ಪರಸ್ಪರ ಗೊತ್ತಿದ್ದರು, ಅಭ್ಯಾಸವಿತ್ತು. ಹಾಗಾಗಿ ಸಾಧ್ಯವಾಯಿತು.

ಇನ್ನೂ ಹಿಂದಿನ ಉದಾಹರಣೆ ಅಂಡಮಾನಿನದ್ದು. ಅಲ್ಲಿ ವರ್ಷಗಟ್ಟಲೆ ಹವ್ಯಾಸಿ ರೇಡಿಯೋಗೆ ಅನುಮತಿಯೇ ಇರಲಿಲ್ಲ. ದೆಹಲಿಯ ಭಾರತಿ ಪ್ರಸಾದ್ ಪಟ್ಟುಹಿಡಿದು ವಿಶೇಷ ಅನುಮತಿ ಪಡೆದು 2004ರ ಡಿಸೆಂಬರ್‌ನಲ್ಲಿ ಪೋರ್ಟ್ ಬ್ಲೇರ್‌ಗೆ ತಂಡ ಕರೆದೊಯ್ದಿದ್ದರು. ಹೋದದ್ದು ಪ್ರಪಂಚದ ಹ್ಯಾಮ್‌ಗಳ ಜೊತೆ ಮಾತಾಡುವ ಹವ್ಯಾಸಕ್ಕೆ. ಡಿಸೆಂಬರ್ 26ರ ಬೆಳಗ್ಗೆ ಸುನಾಮಿ ಬಂತು. ಅಲ್ಲಿಂದಾಚೆಗೆ ಅದೇ ರೇಡಿಯೋ, ಅದೇ ಆಂಟೆನಾಗಳು ದ್ವೀಪಗಳ ಮತ್ತು ಮುಖ್ಯ ಭೂಭಾಗದ ನಡುವೆ ಸುದ್ದಿ ಸಾಗಿಸಿದವು. ಅನುಮತಿ ಒಂದು ತಿಂಗಳು ತಡವಾಗಿದ್ದರೆ? ಈ ಪ್ರಶ್ನೆಯನ್ನು ಫೈಲ್ ತಳ್ಳುವ ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು.

ಅನುಮಾನದ ಹಳೇ ಕಥೆ

ತಂತಿ ಕಂಡರೆ ಅನುಮಾನ ಪಡುವುದು ನಮ್ಮ ಓನರ್ ಕಂಡುಹಿಡಿದದ್ದಲ್ಲ. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾಗುತ್ತಿದ್ದಂತೆ ಬ್ರಿಟಿಷ್ ಸರ್ಕಾರ ಭಾರತದ ಹವ್ಯಾಸಿಗಳ ಲೈಸೆನ್ಸ್ ರದ್ದು ಮಾಡಿ ಉಪಕರಣ ಒಪ್ಪಿಸಲು ಹೇಳಿತು. 1942ರಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಮುಂಬಯಿಯಲ್ಲಿ ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರು. ಮನೆಯಿಂದ ಮನೆಗೆ ಟ್ರಾನ್ಸ್‌ಮಿಟರ್ ಹೊತ್ತು ಓಡಾಡಿದರು. ಕೆಲವೇ ತಿಂಗಳಲ್ಲಿ ಸಿಕ್ಕಿಬಿದ್ದು ಉಷಾ ಜೈಲಿಗೆ ಹೋದರು. ವಸಾಹತು ಸರ್ಕಾರಕ್ಕೆ ರೇಡಿಯೋ ಹಿಡಿದ ಭಾರತೀಯ ಅಂದರೆ ಶತ್ರು ಎಂದೇ ಅರ್ಥ.

ಇದರ ಜೊತೆಗೆ ನಮ್ಮದೇ ಇನ್ನೊಂದು ಪರಂಪರೆಯೂ ಇದೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಕೇಂದ್ರ ಶುರುಮಾಡಿದರು. ಅದಕ್ಕೆ ಕೊಟ್ಟ ಹೆಸರು 'ಆಕಾಶವಾಣಿ'. ಇವತ್ತು ಇಡೀ ದೇಶದ ಸರ್ಕಾರಿ ರೇಡಿಯೋಗೆ ಇರುವ ಹೆಸರು, ಒಬ್ಬ ಮೇಷ್ಟ್ರು ತಮ್ಮ ಮನೆಯಲ್ಲಿ ನಡೆಸಿದ ಪ್ರಯೋಗಕ್ಕೆ ಇಟ್ಟದ್ದು.

ಸ್ವಾತಂತ್ರ್ಯದ ನಂತರ ನಾವು ಯಾವ ಪರಂಪರೆಯನ್ನು ಮುಂದುವರಿಸಿದೆವು? ಕಾನೂನನ್ನು ನೋಡಿದರೆ ಮೊದಲನೆಯದನ್ನೇ. 1885ರ ಟೆಲಿಗ್ರಾಫ್ ಕಾಯ್ದೆ ನೂರು ವರ್ಷಕ್ಕೂ ಹೆಚ್ಚು ಕಾಲ ಬಾಳಿತು. ಅದರ ಜಾಗಕ್ಕೆ ಬಂದ 2023ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆಯ ಸೆಕ್ಷನ್ 20 ಕೂಡ ಸಾರ್ವಜನಿಕ ತುರ್ತುಸ್ಥಿತಿ, ಸುರಕ್ಷತೆಯ ಹೆಸರಲ್ಲಿ ಸಂವಹನವನ್ನು ನಿಲ್ಲಿಸುವ, ಜಾಲವನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನು ಸರ್ಕಾರದ ಕೈಯಲ್ಲೇ ಇಟ್ಟಿದೆ. ಆದರೆ 1995ರಲ್ಲಿ ಸುಪ್ರೀಂ ಕೋರ್ಟ್ ಕ್ರಿಕೆಟ್ ಪ್ರಸಾರದ ಪ್ರಕರಣವೊಂದರಲ್ಲಿ ವಾಯುತರಂಗಗಳು ಸಾರ್ವಜನಿಕ ಆಸ್ತಿ ಎಂದು ಸ್ಪಷ್ಟವಾಗಿ ಹೇಳಿತ್ತು. ಆ ಆಸ್ತಿಯನ್ನು ಕಂಪನಿಗಳಿಗೆ ಹರಾಜು ಹಾಕುವುದು ನಮಗೆ ಸಹಜ ಅನಿಸುತ್ತದೆ. ಅದರ ಒಂದು ಸಣ್ಣ ಚೂರನ್ನು ಜನರೇ ನೇರವಾಗಿ ಬಳಸುವ ಜಾಗ ಹವ್ಯಾಸಿ ಬ್ಯಾಂಡ್‌ಗಳು. ಅದೇ ನಮಗೆ ವಿಚಿತ್ರ ಅನಿಸುತ್ತದೆ.

ಇದು ಶಟ್‌ಡೌನ್‌ಗೆ ಮದ್ದಲ್ಲ

ಇಲ್ಲಿ ಕೆಲವು ಗೆಳೆಯರು ಉತ್ಸಾಹದಿಂದ ಕೇಳುತ್ತಾರೆ: 'ಹಾಗಾದ್ರೆ ಇಂಟರ್ನೆಟ್ ಬಂದ್ ಮಾಡಿದಾಗ ಇದನ್ನೇ ಬಳಸಬಹುದಲ್ವಾ?' 2019ರ ಆಗಸ್ಟ್ ನಂತರದ ಕಾಶ್ಮೀರ, 2023ರ ಮಣಿಪುರ ಕಣ್ಣಮುಂದಿರುವಾಗ ಪ್ರಶ್ನೆ ಸಹಜ. ನನ್ನ ಉತ್ತರ, ಇಲ್ಲ.

ಹವ್ಯಾಸಿ ರೇಡಿಯೋದ ನಿಯಮದಲ್ಲಿ ಗುಪ್ತಸಂಕೇತ ಬಳಸುವಂತಿಲ್ಲ, ವ್ಯಾಪಾರ ಮಾಡುವಂತಿಲ್ಲ, ಸುದ್ದಿ ಪ್ರಸಾರ ಮಾಡುವಂತಿಲ್ಲ. ನೀವು ಆಡುವ ಪ್ರತಿ ಮಾತನ್ನೂ ಯಾರು ಬೇಕಾದರೂ ಕೇಳಬಹುದು. ಪ್ರತಿಭಟನೆಯ ಸಾಲಿನಲ್ಲಿ ನಿಂತವರ ಹೆಸರು, ಜಾಗ ಅದರಲ್ಲಿ ಹೇಳಿದರೆ ಅಪಾಯಕ್ಕೆ ಸಿಗುವುದು ಅವರೇ. ಲೈಸೆನ್ಸ್ ಇಲ್ಲದೆ ಒಂದು ಪದ ಕಳಿಸುವುದೂ ಅಪರಾಧ. ಶಟ್‌ಡೌನ್ ವಿರುದ್ಧದ ಹೋರಾಟ ನ್ಯಾಯಾಲಯದಲ್ಲಿ, ಶಾಸನಸಭೆಯಲ್ಲಿ, ಬೀದಿಯಲ್ಲಿ ನಡೆಯಬೇಕು. ತಾಂತ್ರಿಕ ಜಾಣತನ ಅದಕ್ಕೆ ಬದಲಿ ಅಲ್ಲ. ಎಂಜಿನಿಯರಿಂಗ್ ಓದಿದ ನಮ್ಮಂಥವರಿಗೆ ಎಲ್ಲ ರಾಜಕೀಯ ಸಮಸ್ಯೆಗೂ ಒಂದು ಗ್ಯಾಜೆಟ್ ಹುಡುಕುವ ಚಾಳಿ ಇದೆ, ಅದನ್ನು ಬಿಡಬೇಕು.

ಆದರೆ ಅದೇ ನಿಯಮಾವಳಿ ಇನ್ನೊಂದು ಬಾಗಿಲು ತೆರೆದಿಟ್ಟಿದೆ. ಪ್ರವಾಹ, ಭೂಕಂಪ, ಚಂಡಮಾರುತದಲ್ಲಿ ಸಾಮಾನ್ಯ ಸಂಪರ್ಕ ಕಡಿದುಹೋದಾಗ ಜಿಲ್ಲಾಧಿಕಾರಿಯಂಥ ಅಧಿಕಾರಿಗಳ ಸಂದೇಶವನ್ನು ಹವ್ಯಾಸಿಗಳು ಸಾಗಿಸಬಹುದು. ಅಂದರೆ ಆಪತ್ತಿನಲ್ಲಿ ಈ ಜನ ಬೇಕು ಅಂತ ಸರ್ಕಾರಕ್ಕೂ ಗೊತ್ತಿದೆ. ಆಪತ್ತು ಇಲ್ಲದ ದಿನಗಳಲ್ಲಿ ಅವರನ್ನು ಬೆಳೆಸುವ ಮನಸ್ಸು ಮಾತ್ರ ಇಲ್ಲ. ಅಮೆರಿಕದಲ್ಲಿ 7 ಲಕ್ಷಕ್ಕೂ ಹೆಚ್ಚು ಹವ್ಯಾಸಿ ಲೈಸೆನ್ಸ್‌ಗಳಿವೆ. ಅದರ ನಾಲ್ಕು ಪಟ್ಟಿಗಿಂತ ಹೆಚ್ಚು ಜನಸಂಖ್ಯೆಯ ನಾವು ಇನ್ನೂ ಸಾವಿರಗಳ ಲೆಕ್ಕದಲ್ಲಿದ್ದೇವೆ.

ಯಾರ ಕೈಗೆ ತಂತಿ?

ಇನ್ನೊಂದು ಕಹಿ ಮಾತು. ನಮ್ಮ ಹ್ಯಾಮ್ ವಲಯವೂ ಬಹಳ ಕಾಲ ಒಂದು ಕ್ಲಬ್ಬಿನಂತೆಯೇ ಇತ್ತು. ಇಂಗ್ಲಿಷ್ ಬರುವ, ಸ್ವಂತ ಮನೆ ಮತ್ತು ಸ್ವಂತ ಟೆರೇಸ್ ಇರುವ, ಆಮದು ರೇಡಿಯೋ ಕೊಳ್ಳಬಲ್ಲ ನಗರದ ಗಂಡಸರ ಕ್ಲಬ್. ತಂತಿಗೆ ಕೆಲವು ನೂರು ರೂಪಾಯಿ ಸಾಕು. ಅದನ್ನು ಕಟ್ಟಲು ಬೇಕಾದ ಟೆರೇಸ್, ಲೈಸೆನ್ಸಿಗೆ ಬೇಕಾದ ತಾಳ್ಮೆ, ಪಠ್ಯದ ಭಾಷೆ ಇವು ಜಾತಿ ವರ್ಗಗಳ ಗೆರೆಯ ಮೇಲೇ ಹಂಚಿಕೆಯಾಗಿವೆ. ಹವ್ಯಾಸ ಅಂದರೆ ಬಿಡುವು, ಬಿಡುವು ಅಂದರೆ ಸವಲತ್ತು. ಗುಡ್ಡ ಕುಸಿಯುವುದು ಮಾತ್ರ ಹೆಚ್ಚಾಗಿ ಲೈನ್ ಮನೆಗಳ ಮೇಲೆ, ಕೂಲಿಕಾರರ ಕಾಲೊನಿಗಳ ಮೇಲೆ.

ಹಾಗಾಗಿ ನನ್ನ ಬೇಡಿಕೆಗಳು ದೊಡ್ಡವಲ್ಲ. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದಂಥ ಕಡೆ ಪ್ರತಿ ತಾಲ್ಲೂಕಿನ ಒಂದು ಸರ್ಕಾರಿ ಪಾಲಿಟೆಕ್ನಿಕ್ ಅಥವಾ ಪದವಿ ಕಾಲೇಜಿನಲ್ಲಿ ಒಂದು ಹವ್ಯಾಸಿ ಕೇಂದ್ರ ಇರಲಿ: ಎರಡು ತಂತಿ ಆಂಟೆನಾ, ಒಂದು ರೇಡಿಯೋ, ಒಂದು ಸೋಲಾರ್ ಪ್ಯಾನೆಲ್, ಎರಡು ಬ್ಯಾಟರಿ. ಪಾಠ ಕನ್ನಡದಲ್ಲಿ ಬರಲಿ. ಆಶಾ ಕಾರ್ಯಕರ್ತೆಯರು, ಗ್ರಾಮ ಪಂಚಾಯ್ತಿ ಸಿಬ್ಬಂದಿ, ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆಯಲು ನೆರವು ಸಿಗಲಿ. 12 ವರ್ಷ ದಾಟಿದವರು ಲೈಸೆನ್ಸ್ ಪಡೆಯಬಹುದು ಅಂತ ನಿಯಮವೇ ಹೇಳುತ್ತದೆ, ಹೈಸ್ಕೂಲ್ ಮಕ್ಕಳಿಗೇ ಕಲಿಸಬಹುದು. ಲೈಸೆನ್ಸ್ ಅರ್ಜಿಗೆ ಇಂತಿಷ್ಟು ದಿನದಲ್ಲಿ ಉತ್ತರ ಕೊಡಬೇಕೆಂಬ ಗಡುವು ಇರಲಿ. ಲೈಸೆನ್ಸ್ ಇರುವ ಬಾಡಿಗೆದಾರ ಸುರಕ್ಷಿತವಾಗಿ ಒಂದು ತಂತಿ ಕಟ್ಟುವುದನ್ನು ಸುಮ್ಮಸುಮ್ಮನೆ ತಡೆಯುವಂತಿಲ್ಲ ಎಂಬ ಒಂದು ಸಾಲು ಬಾಡಿಗೆ ಕಾನೂನಿಗೆ ಸೇರಲಿ. ಮುಖ್ಯವಾಗಿ, ತಿಂಗಳಿಗೊಮ್ಮೆ ಆ ಕೇಂದ್ರಗಳು ಪರಸ್ಪರ ಮಾತಾಡಲಿ. ಬಳಸದ ಆಂಟೆನಾ ಬಟ್ಟೆ ಒಣಹಾಕುವ ತಂತಿಯೇ.

ಈಗಿರುವ ಮನೆಯ ಓನರ್ ಒಬ್ಬ ಅಜ್ಜಿ. ಅವರ ಊರು ಸಕಲೇಶಪುರದ ಕಡೆ. ನಾನು ಎಂದಿನಂತೆ ಕೇಳಿದೆ, ಅವರು ಎಂದಿನ ಪ್ರಶ್ನೆ ಕೇಳಲಿಲ್ಲ. 'ಮಳೇಲಿ ಫೋನ್ ಹೋದಾಗ ನಮ್ಮೂರಿಗೆ ಮಾತಾಡಬಹುದಾ ಇದ್ರಲ್ಲಿ?' ಅಂದರು.

ಆ ಕಡೆ ಒಬ್ಬರು ಇದ್ದರೆ ಆಗುತ್ತೆ ಅಜ್ಜಿ, ಅಂದೆ.