ನಾಲ್ಕು ಬೋಲ್ಟ್‌ಗಳ ಲೆಕ್ಕ ಯಾರ ಬಳಿ ಇತ್ತು?

2024ರ ಜನವರಿ 5ರ ಸಂಜೆ ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸ್ ವಿಮಾನವು ಸುಮಾರು 15 ಸಾವಿರ ಅಡಿ ಎತ್ತರದಲ್ಲಿದ್ದಾಗ ಅದರ ಎಡಭಾಗದ ಫಲಕವೊಂದು ಕಿತ್ತು ಹಾರಿಹೋಯಿತು. ವಿಮಾನದಲ್ಲಿ 177 ಮಂದಿ ಇದ್ದರು. ರಂಧ್ರಕ್ಕೆ ಹೊಂದಿಕೊಂಡಿದ್ದ 26ನೇ ಸಾಲಿನ ಕಿಟಕಿ ಬದಿಯ ಆಸನ ಅಂದು ಖಾಲಿಯಿತ್ತು. ಯಾರೂ ಸಾಯಲಿಲ್ಲ. ಎರಡು ದಿನಗಳ ಬಳಿಕ ಆ ಫಲಕ ನಗರದ ಮನೆಯೊಂದರ ಹಿತ್ತಿಲಿನಲ್ಲಿ ಸಿಕ್ಕಿತು.

ಡೋರ್ ಪ್ಲಗ್ ಎಂದು ಕರೆಯಲಾಗುವ ಈ ಫಲಕ, ಹೆಚ್ಚುವರಿ ತುರ್ತು ದ್ವಾರದ ಅಗತ್ಯವಿಲ್ಲದ ವಿಮಾನಗಳಲ್ಲಿ ಆ ಜಾಗವನ್ನು ಮುಚ್ಚಲು ಬಳಸುವಂಥದ್ದು. ಅದು ಮೇಲಕ್ಕೆ ಸರಿಯದಂತೆ ನಾಲ್ಕು ಬೋಲ್ಟ್‌ಗಳು ತಡೆಯಬೇಕು. ಸಿಕ್ಕ ಫಲಕವನ್ನು ಪರೀಕ್ಷಿಸಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಆ ನಾಲ್ಕೂ ಬೋಲ್ಟ್‌ಗಳು ಹಾರಾಟಕ್ಕೆ ಮುನ್ನವೇ ಇರಲಿಲ್ಲ ಎಂಬ ತೀರ್ಮಾನಕ್ಕೆ ಬಂದಿತು. ಹೊಚ್ಚ ಹೊಸ ವಿಮಾನ. ವಿಮಾನ ಸಂಸ್ಥೆಯ ಕೈಸೇರಿ ಮೂರು ತಿಂಗಳೂ ತುಂಬಿರಲಿಲ್ಲ. ಅಷ್ಟರಲ್ಲೇ ಅದು 150ಕ್ಕೂ ಹೆಚ್ಚು ಬಾರಿ ಹಾರಿ ಇಳಿದಿತ್ತು.

ಇಲ್ಲಿ ಸೋಜಿಗದ ಸಂಗತಿಯೆಂದರೆ, ಫಲಕದ ಜಾತಕ ಸಂಪೂರ್ಣವಾಗಿ ಲಭ್ಯವಿತ್ತು. ಅದು ತಯಾರಾದದ್ದು ಮಲೇಷ್ಯಾದಲ್ಲಿ, 2023ರ ಮಾರ್ಚ್‌ನಲ್ಲಿ. ಅಲ್ಲಿಂದ ಅಮೆರಿಕದ ವಿಚಿತಾ ನಗರದ ಸ್ಪಿರಿಟ್ ಏರೋಸಿಸ್ಟಮ್ಸ್ ಕಾರ್ಖಾನೆಗೆ ಬಂದು ವಿಮಾನದ ಒಡಲಿಗೆ ಸೇರಿತು. ಒಡಲು ಆಗಸ್ಟ್ ಕೊನೆಯಲ್ಲಿ ರೈಲಿನಲ್ಲಿ ರೆಂಟನ್‌ನ ಬೋಯಿಂಗ್ ಘಟಕಕ್ಕೆ ತಲುಪಿತು. ಅಲ್ಲಿ ಫಲಕದ ಬದಿಯ ಚೌಕಟ್ಟಿನಲ್ಲಿ ಐದು ರಿವೆಟ್‌ಗಳು ಹಾಳಾಗಿರುವುದು ಪತ್ತೆಯಾಯಿತು. ಆ ದೋಷ, ಅದರ ದುರಸ್ತಿ ಎಲ್ಲವೂ ದಾಖಲೆಯಲ್ಲಿವೆ. ಆದರೆ ರಿವೆಟ್ ಬದಲಿಸಲು ಫಲಕವನ್ನು ತೆರೆಯಬೇಕಿತ್ತು, ತೆರೆಯಲು ಬೋಲ್ಟ್ ಬಿಚ್ಚಬೇಕಿತ್ತು. ಸೆಪ್ಟೆಂಬರ್‌ನಲ್ಲಿ ನಡೆದ ಆ ಕೆಲಸಕ್ಕೆ ಮಾತ್ರ ಒಂದು ಸಾಲಿನ ದಾಖಲೆಯೂ ಇಲ್ಲ! ಬಿಚ್ಚಿದ್ದೇ ಕಡತದಲ್ಲಿ ಇಲ್ಲದ ಮೇಲೆ, ಮರಳಿ ಕೂಡಿಸಲಾಗಿದೆಯೇ ಎಂದು ನೋಡುವ ತಪಾಸಕನಿಗೆ ಕರೆ ಹೋಗುವುದಾದರೂ ಹೇಗೆ? ಬೋಲ್ಟ್‌ಗಳಿಲ್ಲ ಎಂಬುದಕ್ಕೆ ಸಾಕ್ಷಿಯಾದದ್ದು ನೌಕರರು ತಮ್ಮೊಳಗೆ ಕಳುಹಿಸಿಕೊಂಡ ಒಂದು ಛಾಯಾಚಿತ್ರ. ಅದನ್ನು ತೆಗೆದದ್ದು ಬೇರೊಂದು ಕೆಲಸಕ್ಕಾಗಿ.

ಬಿಡಿಭಾಗಗಳ ಜಾಡು ಹಿಡಿಯುವ ವ್ಯವಸ್ಥೆ ಹೊಸದಲ್ಲ. ಪೀಣ್ಯದ ಸಣ್ಣ ಯಂತ್ರಾಗಾರದಲ್ಲಿ ಕೆಲಸ ಮಾಡಿದವರಿಗೂ ಇದು ಗೊತ್ತು. ಲೋಹ ಕರಗಿಸಿದ ಪ್ರತಿ ಸುತ್ತಿಗೂ ಒಂದು ಹೀಟ್ ನಂಬರ್ ಇರುತ್ತದೆ. ಸರಳನ್ನು ಗರಗಸಕ್ಕೆ ಕೊಡುವ ಮುನ್ನವೇ ಆ ಸಂಖ್ಯೆಯನ್ನು ಪ್ರತಿ ತುಂಡಿನ ಮೇಲೂ ಒತ್ತಬೇಕು. ಕತ್ತರಿಸಿದ ಬಳಿಕ ಒತ್ತುತ್ತೇನೆಂದರೆ ಯಾವ ತುಂಡು ಯಾವ ಸರಳಿನದು ಎಂಬುದು ದೇವರಿಗೇ ಗೊತ್ತು. ಮುಂದೆ ತುಂಡಿನ ಜತೆಯಲ್ಲೇ ರೂಟ್ ಕಾರ್ಡ್ ಸಾಗುತ್ತದೆ. ಲೇತ್, ಮಿಲ್ಲಿಂಗ್, ಉಷ್ಣ ಸಂಸ್ಕರಣೆ, ತಪಾಸಣೆ ಹೀಗೆ ಪ್ರತಿ ಹಂತದಲ್ಲೂ ಅದರ ಮೇಲೆ ಸಹಿ ಬೀಳುತ್ತದೆ. ಈಗ ಲೋಹದ ಮೇಲೆಯೇ ಚುಕ್ಕಿಗಳ ಚೌಕಾಕಾರದ ಸಂಕೇತ ಕೊರೆದು ಸ್ಕ್ಯಾನರ್‌ನಲ್ಲಿ ಓದುವ ಕ್ರಮವೂ ಬಂದಿದೆ. ಆದರೆ ಬೋಲ್ಟ್‌ನಂತಹ ಸಣ್ಣ ವಸ್ತುವಿಗೆ ಸಾಮಾನ್ಯವಾಗಿ ಪ್ರತ್ಯೇಕ ಕ್ರಮಸಂಖ್ಯೆ ಇರುವುದಿಲ್ಲ, ಇಡೀ ತಂಡಕ್ಕೆ ಒಂದೇ ಸಂಖ್ಯೆ. ಅದರ ಹಾಜರಿ ಗೊತ್ತಾಗುವುದು ಅದನ್ನು ಬಿಗಿದವನ ಸಹಿಯಿಂದ ಮಾತ್ರ.

ಸಂಖ್ಯೆ ಇದ್ದೂ ಎಡವಟ್ಟಾದ ಉದಾಹರಣೆಯೂ ಇದೆ. 1989ರ ಜುಲೈ 19ರಂದು ಅಯೋವಾದ ಸೂ ಸಿಟಿಯಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-10 ವಿಮಾನ ಅಪಘಾತಕ್ಕೀಡಾಗಿ 112 ಮಂದಿ ಪ್ರಾಣ ಕಳೆದುಕೊಂಡರು. ಬಾಲದ ಎಂಜಿನ್‌ನ ಟೈಟಾನಿಯಂ ಚಕ್ರ ಆಕಾಶದಲ್ಲೇ ಸಿಡಿದಿತ್ತು. ಅದರ ತುಂಡುಗಳು ಜೋಳದ ಹೊಲದಲ್ಲಿ ಸಿಕ್ಕಿದ್ದು ಮೂರು ತಿಂಗಳ ಬಳಿಕ. ಲೋಹ ಕರಗಿಸುವಾಗಲೇ ಉಳಿದ ದೋಷವೊಂದು ಬಿರುಕಾಗಿ ಬೆಳೆದಿತ್ತು. ಆ ಚಕ್ರದ ಮೂಲ ಹುಡುಕಿ ಹೊರಟವರಿಗೆ ತಯಾರಕರ ಹಳೆಯ ಕಡತಗಳಲ್ಲಿ ಒಂದೇ ಕ್ರಮಸಂಖ್ಯೆಯ ಎರಡು ಚಕ್ರಗಳು ಎದುರಾದವು. ಅದೇ ಲೋಹದಿಂದ ಹುಟ್ಟಿದ ಉಳಿದ ಚಕ್ರಗಳನ್ನು ಗುರುತಿಸಿ ಹಾರಾಟದಿಂದ ಹಿಂತೆಗೆಯುವುದು ತುರ್ತಾಗಿದ್ದ ಹೊತ್ತಿನಲ್ಲಿ ಈ ಗೊಂದಲದ ಬೆಲೆ ಎಷ್ಟೆಂದು ಊಹಿಸಬಹುದು.

ಇದು ದೂರದ ದೇಶದ ಕಥೆಯೆಂದು ಕರ್ನಾಟಕ ಸುಮ್ಮನಿರುವಂತಿಲ್ಲ. ಬೆಳಗಾವಿಯ ಏಕಸ್ ಕೈಗಾರಿಕಾ ವಲಯದಿಂದ ಏರ್‌ಬಸ್ ಮತ್ತು ಬೋಯಿಂಗ್‌ಗೆ ಬಿಡಿಭಾಗಗಳು ಹೋಗುತ್ತವೆ. ಏರ್‌ಬಸ್ ಎ220 ವಿಮಾನದ ಬಾಗಿಲುಗಳನ್ನು ತಯಾರಿಸುವ ಗುತ್ತಿಗೆ 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಡೈನಮ್ಯಾಟಿಕ್ ಟೆಕ್ನಾಲಜೀಸ್‌ಗೆ ದೊರೆಯಿತು. ದೊಡ್ಡ ಕಂಪನಿ ಪಡೆದ ಕೆಲಸದ ಒಂದು ಪಾಲು ಸಣ್ಣ ಘಟಕಗಳಿಗೆ ಇಳಿಯುವುದು ಈ ಉದ್ಯಮದ ರೂಢಿ. ಆ ಘಟಕಗಳಿಗೆ ಯಂತ್ರ ಕೊಳ್ಳಲು ಸಾಲ ಸಿಗುತ್ತದೆ, ದಾಖಲೆ ಬರೆಯಲೆಂದೇ ಒಬ್ಬ ನೌಕರನನ್ನಿಡಲು ಗಿರಾಕಿ ಕೊಡುವ ದರದಲ್ಲಿ ಜಾಗವಿರುವುದಿಲ್ಲ. ಪಾಳಿ ಮುಗಿಯುವ ಹೊತ್ತಿಗೆ ಹತ್ತು ಕಾರ್ಡ್‌ಗಳಿಗೆ ಒಟ್ಟಿಗೇ ಸಹಿ ಹಾಕುವ ಅಭ್ಯಾಸ ಹುಟ್ಟುವುದು ಇಲ್ಲೇ. ಸ್ಕ್ಯಾನರ್ ತಂದಿಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ, ಸ್ಕ್ಯಾನ್ ಮಾಡುವವನೂ ಅದೇ ಅವಸರದಲ್ಲಿರುತ್ತಾನೆ.

ಅಮೆರಿಕದ ಮಂಡಳಿ 2025ರ ಜೂನ್‌ನಲ್ಲಿ ನೀಡಿದ ಅಂತಿಮ ನಿರ್ಣಯವೂ ಬೋಲ್ಟ್ ಬಿಚ್ಚಿದ ಕೈಯನ್ನು ದೂಷಿಸಲಿಲ್ಲ. ಭಾಗಗಳನ್ನು ತೆಗೆಯುವಾಗ ಅದನ್ನು ದಾಖಲಿಸುವ ಕ್ರಮವನ್ನು ಕಾರ್ಮಿಕರು ತಪ್ಪದೆ ಪಾಲಿಸುವಂತೆ ಸಾಕಷ್ಟು ತರಬೇತಿ, ಮಾರ್ಗದರ್ಶನ ಮತ್ತು ಮೇಲ್ವಿಚಾರಣೆ ಒದಗಿಸದ ಬೋಯಿಂಗ್ ಮೇಲೆಯೇ ಅದು ಹೊಣೆ ಹೊರಿಸಿತು. ಆ ಕ್ರಮ ಮತ್ತೆ ಮತ್ತೆ ಕೈತಪ್ಪುತ್ತಿರುವುದನ್ನು ಗುರುತಿಸಿ ಪರಿಣಾಮಕಾರಿಯಾಗಿ ತಡೆಯದ ಫೆಡರಲ್ ವಿಮಾನಯಾನ ಆಡಳಿತವನ್ನೂ ಬಿಡಲಿಲ್ಲ. ಫಲಕ ತೆರೆದವರು ಯಾರೆಂಬುದು ತನಿಖೆ ಮುಗಿದರೂ ಕಡತಕ್ಕೆ ಸೇರಲಿಲ್ಲ.